ಎರಡು ನಿಜ, ಒಂದು ಸುಳ್ಳು

ಬೆಳಗ್ಗೆ ಹತ್ತೂವರೆಗೆ ಸುಂದ್ರಮ್ಮನ ಕೈಗೆ ಒಂದು ಹಳದಿ ಬಲೂನು ಬಂತು. ಅದನ್ನು ಊದಿ ಕಾಲಿಗೆ ಕಟ್ಟಿಕೊಳ್ಳಬೇಕಂತೆ. ಆಮೇಲೆ ಒಬ್ಬರ ಬಲೂನನ್ನು ಇನ್ನೊಬ್ಬರು ತುಳಿದು ಒಡೆಯಬೇಕಂತೆ. ನಲವತ್ತೈದು ವರ್ಷದ ಹೆಂಗಸು, ಕಳೆ ಕೀಳುವ ಕೂಲಿ ಬಿಟ್ಟು, ಎರಡು ಬಸ್ಸು ಹತ್ತಿಳಿದು ಗುಂಡ್ಲುಪೇಟೆಗೆ ಬಂದದ್ದು ಇದಕ್ಕೆ!

ಅದು ಎರಡು ಸಾವಿರದ ಐದನೇ ಇಸವಿ. ಗ್ರಾಮ ಪಂಚಾಯ್ತಿ ಚುನಾವಣೆ ಮುಗಿದು ನಾಲ್ಕು ತಿಂಗಳಾಗಿತ್ತು. ಚಾಮರಾಜನಗರ, ಗುಂಡ್ಲುಪೇಟೆ ತಾಲ್ಲೂಕುಗಳಲ್ಲಿ ಹೊಸದಾಗಿ ಗೆದ್ದ ನೂರಿಪ್ಪತ್ತು ಮೆಂಬರುಗಳನ್ನು ಒಂದು ಕಲ್ಯಾಣಮಂಟಪದಲ್ಲಿ ತುಂಬಿ ತರಬೇತಿ ಇಟ್ಟಿದ್ದರು. ಸುಂದ್ರಮ್ಮ ಕಲ್ಲುಕಟ್ಟೆಪುರದ ಕೇರಿಯವಳು. ಪರಿಶಿಷ್ಟರ ಮೀಸಲು ಸೀಟಿನಲ್ಲಿ ಗೆದ್ದಿದ್ದಳು. ಮೆಂಬರಾದವರು ಏನು ಮಾಡಬೇಕು ಎಂದು ಅವಳಿಗೆ ಇದುವರೆಗೆ ಯಾರೂ ಹೇಳಿರಲಿಲ್ಲ. ಇಲ್ಲಾದರೂ ಹೇಳಿಯಾರು ಅಂದುಕೊಂಡಿದ್ದಳು.

ಹೇಳಬೇಕಾದವನು ಮೈಸೂರಿನಿಂದ ಬಂದ ಕುಮಾರಸ್ವಾಮಿ. ಕುತ್ತಿಗೆಗೆ ಪೀಪಿ ಕಟ್ಟಿಕೊಂಡು ಸ್ಟೇಜಿನ ಮೇಲೆ ಕುಣಿದಾಡುತ್ತಿದ್ದ.

"ನೀವೆಲ್ಲ ಒಬ್ಬರಿಗೊಬ್ಬರು ಅಪರಿಚಿತರು. ನಿಮ್ಮ ಮಧ್ಯ ಒಂದು ಮಂಜುಗಡ್ಡೆ ಇದೆ. ಮೊದಲು ಅದನ್ನ ಒಡೀಬೇಕು! ಇಲ್ಲಿ ದೊಡ್ಡೋರಿಲ್ಲ, ಚಿಕ್ಕೋರಿಲ್ಲ, ಎಲ್ಲರೂ ಮಕ್ಕಳು!"

"ಎಲ್ಲದೆ ಮಂಜುಗಡ್ಡೆ?" ಪಕ್ಕದಲ್ಲಿ ಕೂತಿದ್ದ ಮಂಚಮ್ಮ ಸೆರಗಿನಲ್ಲಿ ಗಾಳಿ ಬೀಸಿಕೊಂಡಳು. ಸಂತೆಮರಹಳ್ಳಿ ಕಡೆಯ ಮೆಂಬರು ಅವಳು. "ಫ್ಯಾನ್ ಹಾಕ್ಸಪ್ಪ ಅಂದ್ರ ಪೀಪಿ ಊದ್ತನಲ್ಲ!"

ಅಪರಿಚಿತರಂತೆ! ಆ ಸಭೆಯಲ್ಲಿ ಅರ್ಧ ಜನ ಬೀಗರು, ಇನ್ನರ್ಧ ಜನ ದಾಯಾದಿಗಳು. ಸುಂದ್ರಮ್ಮನಿಂದ ನಾಲ್ಕು ಮಾರು ದೂರದಲ್ಲಿ ಅವಳ ಪಂಚಾಯ್ತಿಯ ಅಧ್ಯಕ್ಷ ಶಿವಮಲ್ಲಪ್ಪ ಕೂತಿದ್ದ. ಅವನ ಅರಿಶಿನದ ಹೊಲದಲ್ಲಿ ಅವಳು ಇಪ್ಪತ್ತು ವರ್ಷ ಬೆನ್ನು ಬಗ್ಗಿಸಿದ್ದಳು. ಇದಕ್ಕಿಂತ ಪರಿಚಯ ಇನ್ನೇನು ಬೇಕಿತ್ತು?

ಬಲೂನಾಟ ಮುಗಿಯಿತು. ಆಮೇಲೆ ಹೆಸರಿನ ಜೊತೆ ಅದೇ ಅಕ್ಷರದ ಒಂದು ಗುಣ ಸೇರಿಸಿ ಹೇಳುವ ಆಟ. "ಶಿಸ್ತಿನ ಶಿವಮಲ್ಲಪ್ಪ" ಎಂದು ಅಧ್ಯಕ್ಷ ಎದ್ದು ನಿಂತ, ಚಪ್ಪಾಳೆ ಬಿತ್ತು. "ಮಂಕು ಮಂಚಮ್ಮ ಅಂತ ಬರ್ಕೊ, ಇಲ್ಲಿಗ್ ಬಂದಿವ್ನಿ ನೋಡು" ಎಂದಳು ಮಂಚಮ್ಮ. ಅದಕ್ಕೂ ಕುಮಾರಸ್ವಾಮಿ ಚಪ್ಪಾಳೆ ತಟ್ಟಿಸಿದ. ಅವನ ಹತ್ತಿರ ಇದ್ದ ಬಂಡವಾಳ ಅದೊಂದೇ.

ಮೂರನೆಯದಕ್ಕೆ ಎಲ್ಲರೂ ಪಂಚಾಯ್ತಿವಾರು ಸೇರಿ, ಕೈ ಕೈ ಹಿಡಿದು ಸುತ್ತು ನಿಲ್ಲಬೇಕಾಯಿತು. ಸುಂದ್ರಮ್ಮನ ಎಡಕ್ಕೆ ಶಿವಮಲ್ಲಪ್ಪ ಬಂದ. ಅವಳು ಕೈ ಚಾಚಿದಳು. ಅವನು ಆ ಕಡೆ ಈ ಕಡೆ ನೋಡಿ, ಹೆಗಲ ಮೇಲಿದ್ದ ಟವೆಲ್ಲನ್ನು ತೆಗೆದು, ಅದರ ತುದಿಯನ್ನು ಅವಳತ್ತ ಚಾಚಿದ.

ಕುಮಾರಸ್ವಾಮಿ ಅದನ್ನು ನೋಡಿ ಚಪ್ಪಾಳೆ ತಟ್ಟಿದ. "ವೆರಿ ಗುಡ್ ಸರ್! ಹೊಸ ಐಡಿಯಾ! ಎಲ್ಲರೂ ನೋಡಿ!"

ಸುಂದ್ರಮ್ಮ ಟವೆಲ್ಲಿನ ತುದಿ ಹಿಡಿದು ಸುತ್ತು ತಿರುಗಿದಳು. ಅವಳಿಗೆ ಸಿಟ್ಟು ಬಂದದ್ದು ಶಿವಮಲ್ಲಪ್ಪನ ಮೇಲಲ್ಲ; ಅವನನ್ನು ಅವಳು ಬಲ್ಲಳು. ಕಣ್ಣಿದ್ದೂ ಚಪ್ಪಾಳೆ ತಟ್ಟಿದನಲ್ಲ, ಓದಿದವನು, ಅವನ ಮೇಲೆ.

ಕೊನೆಯ ಆಟ ಹೀಗಿತ್ತು: ಒಬ್ಬೊಬ್ಬರು ತಮ್ಮ ಬಗ್ಗೆ ಮೂರು ಮಾತು ಹೇಳಬೇಕು. ಎರಡು ನಿಜ, ಒಂದು ಸುಳ್ಳು. ಸುಳ್ಳು ಯಾವುದೆಂದು ಉಳಿದವರು ಕಂಡುಹಿಡಿಯಬೇಕು. ಒಬ್ಬ ತಾನು ಹುಲಿ ನೋಡಿದ್ದೇನೆ ಎಂದ. ಇನ್ನೊಬ್ಬ ತನಗೆ ಮಲಯಾಳ ಬರುತ್ತದೆ ಎಂದ. ಮೈಕು ಸುಂದ್ರಮ್ಮನ ಕೈಗೆ ಬಂತು.

"ನಾನು ಕೂಲಿ ಮಾಡ್ತಿನಿ," ಎಂದಳು. "ನಾನು ಪಂಚಾಯ್ತಿ ಮೆಂಬರು. ಪಂಚಾಯ್ತಿ ಆಪೀಸಲ್ಲಿ ನಂಗೂ ಒಂದ್ ಕುರ್ಚಿ ಅದೆ."

"ಸುಲಭ!" ಕುಮಾರಸ್ವಾಮಿ ಬೆರಳೆತ್ತಿದ. "ಕೂಲಿ ಮಾಡೋದು ಸುಳ್ಳು. ಮೆಂಬರಾದವರು ಕೂಲಿಗೆ ಹೋಗ್ತಾರಾ?"

ಯಾರೂ ಚಪ್ಪಾಳೆ ತಟ್ಟಲಿಲ್ಲ. ಇಡೀ ಮಂಟಪದಲ್ಲಿ ಉತ್ತರ ಗೊತ್ತಾಗದವನು ಅವನೊಬ್ಬನೇ. ಶಿವಮಲ್ಲಪ್ಪ ಟವೆಲ್ಲನ್ನು ಮಡಿಸಿದ, ಬಿಚ್ಚಿದ, ಮತ್ತೆ ಮಡಿಸಿದ.

"ಮತ್ತ ಮೀಟಿಂಗಲ್ಲಿ ಎಲ್ ಕುಂತ್ಕತಿಯಮ್ಮಿ?" ಮಂಚಮ್ಮ ಕೂತಲ್ಲಿಂದಲೇ ಗಟ್ಟಿಯಾಗಿ ಕೇಳಿದಳು.

"ಬಾಗ್ಲ ಆಚ್ಗೆ. ಮೆಟ್ಲ ಮೇಲೆ."

ಕುಮಾರಸ್ವಾಮಿಯ ಮುಖದ ನಗು ಎಲ್ಲಿ ಹೋಗಬೇಕೆಂದು ತಿಳಿಯದೆ ಅಲ್ಲೇ ನಿಂತಿತು. "ಇದು ಆಟ ಕಣಮ್ಮ... ಸೀರಿಯಸ್ ಆಗಿ ತಗೋಬಾರದು," ಎಂದು ಪೀಪಿ ಊದಿ ಟೀಗೆ ಬಿಟ್ಟ.

ಟೀ ಲೋಟದ ಹತ್ತಿರ ಶಿವಮಲ್ಲಪ್ಪ ಬಂದು ಹಲ್ಲು ಕಚ್ಚಿದ. "ಏನಮ್ಮಿ ಸುಂದ್ರಿ, ಅಷ್ಟ್ ಜನದ್ ಮುಂದ ಮಾನ ಕಳ್ದ್ಬುಟ್ಟೆಯಲ್ಲ! ಕುರ್ಚಿ ಬೇಕು ಅಂತ ಯಾವತ್ತಾರ ಕೇಳಿದ್ದಿಯಾ?"

"ನೀವ್ ಕೇಳಿ ಕುಂತ್ಕಂಡ್ರಾ?" ಎಂದಳು ಸುಂದ್ರಮ್ಮ. ಅವನ ಮಾತಿಗೆ, ಒಡೆಯರಿಗೆ ಹೇಳುವ 'ಬುದ್ಧಿ' ಸೇರಿಸದೆ, ಅವಳು ಉತ್ತರ ಕೊಟ್ಟದ್ದು ಅದೇ ಮೊದಲು. ಮಧ್ಯಾಹ್ನದ ಆಟಗಳಿಗೆ ಅವಳು ನಿಲ್ಲಲಿಲ್ಲ. ಚಾಮರಾಜನಗರದ ಬಸ್ಸು ಹತ್ತಿದಳು.

ಮುಂದಿನ ತಿಂಗಳ ಸಭೆಗೆ ಹೋದಾಗ ಬಾಗಿಲಾಚೆ, ಮೆಟ್ಟಿಲ ಪಕ್ಕದಲ್ಲಿ, ಒಂದು ಹಳೆಯ ಕಬ್ಬಿಣದ ಕುರ್ಚಿ ಇಟ್ಟಿದ್ದರು. ಅಷ್ಟಕ್ಕೆ ಅವಳು ಸುಮ್ಮನಾಗುತ್ತಾಳೆಂದು ಅವರ ಲೆಕ್ಕಾಚಾರ. ಸುಂದ್ರಮ್ಮ ಅದನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಒಳಗೆ ಬಂದು, ಮೇಜಿನ ಹತ್ತಿರ ಇಟ್ಟು ಕೂತಳು. ಎಡಬಲದ ಇಬ್ಬರು ಮೆಂಬರುಗಳು ಕೆಮ್ಮುತ್ತಾ ತಮ್ಮ ಕುರ್ಚಿಗಳನ್ನು ಒಂದೊಂದು ಮೊಳ ದೂರ ಎಳೆದುಕೊಂಡರು.

ಅದರಿಂದ ಅವಳಿಗೇ ಜಾಗ ಹೆಚ್ಚಾಯಿತು. ಎರಡೂ ಮೊಣಕೈಯನ್ನು ಮೇಜಿನ ಮೇಲೆ ಊರಿ, "ಸುರು ಮಾಡಿ ಅಧ್ಯಕ್ಷರೆ, ನಂಗ ಮದ್ಯಾನ ಕೆಲ್ಸದೆ," ಎಂದಳು.