ಹತ್ತು ಸಲ ಓಟು ಹಾಕಿದವಳು

“ಹತ್ತು ಬೆರಳಿಗೂ ಮಸಿ! ಹತ್ತು ಸಲ ಓಟು ಹಾಕಿ ಬಂದಿದ್ದೀಯೇನೇ, ಕಳ್ಳಮುಂಡೆ?”

ಶಾಲೆಯ ಮೇಜಿನ ಹಿಂದೆ ಕೂತಿದ್ದ ಮತಗಟ್ಟೆ ಅಧಿಕಾರಿ ನೀಲಾವತಿಯ ಎಡಗೈಯನ್ನು ಪೆನ್ಸಿಲಿನ ತುದಿಯಿಂದ ಮಗುಚಿ ನೋಡಿದ. ಮುಟ್ಟಲು ಅವನಿಗೆ ಹೇಸಿಗೆ. ಮೆಲ್ಕಾರಿನ ಗೇರುಬೀಜದ ಕಾರ್ಖಾನೆಯಲ್ಲಿ ಹನ್ನೊಂದು ವರ್ಷ ಬೀಜ ಒಡೆದವಳ ಕೈ ಅದು. ಸಿಪ್ಪೆಯ ಎಣ್ಣೆ ತಾಗಿ ತಾಗಿ ಸುಟ್ಟು ಉಗುರಿನ ಬುಡದವರೆಗೂ ಕಪ್ಪಾಗಿತ್ತು. ಬೂದಿ, ಹುಣಸೆಹುಳಿ, ಸೀಮೆಎಣ್ಣೆ, ಯಾವುದಕ್ಕೂ ಜಗ್ಗದ ಕಪ್ಪು.

“ಮಸಿ ಅಲ್ಲ ಸ್ವಾಮಿ, ಬೀಜದ ಎಣ್ಣೆ. ಬೇಕಾದ್ರೆ ಧಣಿಗಳನ್ನೇ ಕೇಳಿ, ಅಲ್ಲೇ ಇದ್ದಾರಲ್ಲ.”

ಕಾರ್ಖಾನೆಯ ಧಣಿ ರಮಾನಾಥ ಒಬ್ಬ ಅಭ್ಯರ್ಥಿಯ ಏಜೆಂಟನಾಗಿ ಕಿಟಕಿಯ ಬಳಿ ಎಳನೀರು ಕುಡಿಯುತ್ತ ಕೂತಿದ್ದ. ತನ್ನ ಕಾರ್ಖಾನೆಯ ಹೆಂಗಸರ ಓಟು ತನ್ನ ಕಡೆಯ ಪೆಟ್ಟಿಗೆಗೆ ಬೀಳುವುದಿಲ್ಲವೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು.

“ನನಗೆ ಹೇಗೆ ಗೊತ್ತಾಗ್ಬೇಕು ಮಾರಾಯ್ರೆ? ನಾನು ಬೀಜದ ಬಣ್ಣ ನೋಡುವವ. ಇವರ ಕೈಯ ಬಣ್ಣ ಯಾರು ನೋಡ್ತಾರೆ?”

ಹೋದ ಚುನಾವಣೆಯಲ್ಲಿ ನೀಲಾವತಿಯನ್ನು ಪಟ್ಟಿಯಲ್ಲಿ ‘ಅಣ್ಣುವಿನ ಹೆಂಡತಿ’ ಎಂದು ಬರೆದು, ಹೆಸರಿಲ್ಲದವರಿಗೆ ಓಟಿಲ್ಲವೆಂದು ಹೊಡೆದುಹಾಕಿದ್ದರು. ಐದು ವರ್ಷ ಆ ಉರಿ ಹೊಟ್ಟೆಯಲ್ಲಿತ್ತು. ಈಗ ಐವತ್ತೇಳರ ಚುನಾವಣೆಗೆ ಶ್ಯಾನುಭೋಗರ ಜಗಲಿಗೆ ನಾಲ್ಕು ಸಲ ಅಲೆದು ‘ನೀಲಾವತಿ’ ಎಂದೇ ಬರೆಸಿದ್ದಳು. ಅಚ್ಚಾದ ಹೆಸರನ್ನು ಯಾರೋ ಓದಿ ತೋರಿಸಿದ ದಿನ ಸಂತೋಷಕ್ಕೆ ಅವಳಿಗೆ ಊಟವೇ ಸೇರಿರಲಿಲ್ಲ.

ಅಧಿಕಾರಿ ನಿಯಮದ ಪುಸ್ತಕ ತೆಗೆದು ಗಟ್ಟಿಯಾಗಿ ಓದಿದ: “ಎಡಗೈಯ ತೋರುಬೆರಳಿಗೆ ಗುರುತು ಹಾಕತಕ್ಕದ್ದು. ಅದಿಲ್ಲದಿದ್ದರೆ ಬೇರೆ ಬೆರಳಿಗೆ. ಬೆರಳೇ ಇಲ್ಲದಿದ್ದರೆ ತೋಳಿನ ತುದಿಗೆ. ನಿನ್ನಂಥ ಬೆರಳಿಗೆ ಏನು ಮಾಡಬೇಕೆಂದು ಬರೆದಿಲ್ಲ.”

“ಕೈ ಇಲ್ಲದ ಮೂಸಬ್ಬ ಈಗಷ್ಟೇ ಓಟು ಹಾಕಿ ಹೋದ್ನಲ್ಲ!”

“ಅವನದು ಸರಿ. ಅವನಿಗೆ ಬೆರಳಿಲ್ಲ.”

“ಹಾಗಾದ್ರೆ ನಾನೂ ಕಡಿದುಕೊಂಡು ಬರ್ಲಾ?”

ಅಧಿಕಾರಿ ಸ್ವಲ್ಪ ಯೋಚಿಸಿದ. “ನಿಯಮದ ಅಡ್ಡಿ ಇಲ್ಲ. ಆದರೆ ಐದು ಗಂಟೆಯೊಳಗೆ ಬರಬೇಕು.”

ಹೊರಗೆ ಅದೇ ಕಾರ್ಖಾನೆಯ ನಲವತ್ತು ಹೆಂಗಸರು ಸಾಲಾಗಿ ನಿಂತಿದ್ದರು. ಅವನು ಕತ್ತು ಚಾಚಿ ಎಂಬತ್ತು ಕರಿಕೈಗಳನ್ನು ನೋಡಿ, ವರದಿಯ ಹಾಳೆಯಲ್ಲಿ ಬಾಯಿ ಬಿಟ್ಟು ಹೇಳುತ್ತಲೇ ಬರೆದ: “ಈ ಭಾಗದ ಹೆಂಗಸರಿಗೆ ಮತದಾನದಲ್ಲಿ ಆಸಕ್ತಿ ಕಡಿಮೆ.”

“ಹೊರಡಿ, ಹೊರಡಿ,” ಎಂದ ಧಣಿ. “ಬೀಜ ಒಡೆಯುವ ಬೇವರ್ಸಿಗಳಿಗೆ ಸರಕಾರ ಮಾಡುವ ಹುಚ್ಚು! ನಾಳೆ ಕೆಲಸಕ್ಕೆ ಬರ್ಲಿಕ್ಕುಂಟು, ನೆನಪಿರಲಿ.”

ನೀಲಾವತಿಗೆ ಮೈಯೆಲ್ಲ ಉರಿದುಹೋಯಿತು. ಜೊತೆಗೆ ಕೆಲಸ ಮಾಡುವ ಝೈನಬ್ ಹಿಂದಿನಿಂದ ಸೆರಗು ಜಗ್ಗಿ, “ಬಾ, ಹೋಗುವ,” ಎಂದಳು. ನೀಲಾವತಿ ಕದಲಲಿಲ್ಲ. ಸೀರೆಯನ್ನು ಮೊಣಕಾಲಿಗೆ ಎತ್ತಿ, ಧೂಳು ಮೆತ್ತಿದ ಎಡಗಾಲನ್ನು ಧಡ್ಡನೆ ಮೇಜಿನ ಮೇಲೆ, ಮತದಾರರ ಪಟ್ಟಿಯ ಮೇಲೆಯೇ ಇಟ್ಟಳು. ಧಣಿಯ ಕೈಯಿಂದ ಎಳನೀರು ಜಾರಿ ಬಿತ್ತು.

“ಇದಕ್ಕೆ ಎಣ್ಣೆ ತಾಗ್ಲಿಲ್ಲ. ಐದು ಬೆರಳೂ ಉಂಟು. ಹಾಕಿ ಸ್ವಾಮಿ, ಮಸಿ.”

ಅಧಿಕಾರಿ ನಿಯಮದ ಪುಸ್ತಕದ ಹಾಳೆ ತಿರುವತೊಡಗಿದ. ಹೊರಗೆ ಝೈನಬ್ ಆಗಲೇ ಶಾಲೆಯ ಬಾವಿಯಿಂದ ನೀರೆಳೆದು ತನ್ನ ಎಡಗಾಲು ತೊಳೆಯುತ್ತಿದ್ದಳು. ಅವಳ ಹಿಂದೆ ಉಳಿದ ಹೆಂಗಸರೆಲ್ಲ ಸಾಲು ನಿಂತಿದ್ದರು.