ಉಳಿದ ಕನ್ನಡ

ಡಾಕ್ಟರ್ ಕಾಶಿರಾಮರು ಬಾಚಣಿಗೆ ಎತ್ತಿ ಹಿಡಿದು ಉರ್ದುವಿನಲ್ಲಿ ಕೇಳಿದರು: "ಯೇ ಕ್ಯಾ ಹೈ, ಮಾಸ್ಟರ್ ಸಾಬ್?"

ಮೊಹಿನುದ್ದೀನ್ ಅದನ್ನು ನೋಡಿದ, ಡಾಕ್ಟರ ತುಟಿ ನೋಡಿದ. ಹುಮನಾಬಾದಿನ ಶಾಲೆಯಲ್ಲಿ ಭಾಷಣ ಕೇಳಲು ನೆರೆದಿದ್ದ ಮಾಸ್ತರರೆಲ್ಲ ಕುತ್ತಿಗೆ ಚಾಚಿದರು. ಡಾಕ್ಟರು ಈಗ ಕನ್ನಡದಲ್ಲಿ ಕೇಳಿದರು:

"ಇದೇನ್ರಿ?"

"ಹಣಗಿ," ಎಂದ ತಟ್ಟನೆ.

ಸಭೆಯಲ್ಲಿ ಗುಜುಗುಜು ಎದ್ದಿತು. ಒಬ್ಬಿಬ್ಬರು ಚಪ್ಪಾಳೆಯನ್ನೂ ತಟ್ಟಿದರು. ಪರದೆಯ ಹಿಂದೆ ಕೂತಿದ್ದ ಅವನ ಹೆಂಡತಿ ಗೌಹರ ತಲೆ ತಗ್ಗಿಸಿದಳು. ಕಲ್ಯಾಣದಲ್ಲಿ ಹದಿನಾರು ವರ್ಷ ಉರ್ದು ಕಲಿಸಿದ ಗಂಡ. ಹೋದ ವರ್ಷ, ನಲವತ್ತೊಂಬತ್ತರ ಚಳಿಗಾಲದಲ್ಲಿ, ಲಕ್ವ ಹೊಡೆದು ಬಲಗೈ ಬಿದ್ದುಹೋಯಿತು, ಮಾತೂ ನಿಂತಿತು. ತಿಂಗಳ ಮೇಲೆ ನಾಲಿಗೆ ಹೊರಳಿದಾಗ ಉರ್ದು ಇರಲಿಲ್ಲ. ತಬ್ಬಲಿ ಕೂಸಾಗಿದ್ದಾಗ ನೆರೆಮನೆಯ ಭಾಗಮ್ಮನ ತಾಯಿಯ ಮಡಿಲಲ್ಲಿ ಕಲಿತ ಕನ್ನಡವೊಂದೇ ಉಳಿದಿತ್ತು. ಹೈದರಾಬಾದಿನಿಂದ ಬಂದ ಗೌಹರಳಿಗೆ ಕಾಯಿಪಲ್ಯ ಕೊಳ್ಳುವಷ್ಟು ಕನ್ನಡ ಬರುತ್ತಿತ್ತು, ಅಷ್ಟೇ. ಈಗ ಗಂಡ ನಾಲ್ಕು ಮಾತು ಹೆಚ್ಚು ಆಡಿದರೆ ಭಾಗಮ್ಮನನ್ನು ಕೂಗಬೇಕು.

"ಮಿದುಳಿಗೆ ಪೆಟ್ಟಾದಾಗ ಒಮ್ಮೊಮ್ಮೆ ಒಂದು ನುಡಿ ಮಾತ್ರ ಮರಳುತ್ತದೆ," ಎಂದರು ಡಾಕ್ಟರು. "ಅದೇ ಯಾಕೆ ಎಂಬುದು ನಮಗಿನ್ನೂ ಸರಿಯಾಗಿ ಗೊತ್ತಿಲ್ಲ."

ಭಾಷಣ ಮುಗಿದ ಮೇಲೆ ಗೌಹರ ಪರದೆಯ ಅಂಚಿಗೆ ಬಂದು ತನ್ನ ಉರ್ದುವಿನಲ್ಲಿ ಕೇಳಿದಳು: "ಮಾತು ಹೋದರೆ, ಆ ಮಾತಿನಲ್ಲಿ ಬದುಕಿದ್ದೂ ಹೋಗುತ್ತದೆಯೇ, ಡಾಕ್ಟರ್ ಸಾಹೇಬ್?"

ಅವರು ಕನ್ನಡಕ ತೆಗೆದು ಒರೆಸಿದರು. "ಪುಸ್ತಕ ಹೇಳುವುದಿಲ್ಲ, ಬೇಟಿ. ಅವರನ್ನೇ ಕೇಳು."

ಕಲ್ಯಾಣಕ್ಕೆ ಮರಳುವ ಮಧ್ಯಾಹ್ನದ ಮೋಟಾರು ದಾರಿಯ ರಾಜೇಶ್ವರದಲ್ಲಿ ನಿಂತಿತು. ಇಂಜಿನ್ನಿಗೆ ನೀರು ಬೇಕಿತ್ತು. ಜೊತೆಗೆ ಬಂದಿದ್ದ ಭಾಗಮ್ಮ ಮುಂದಿನ ಸೀಟಿನಲ್ಲಿ ತೂಕಡಿಸುತ್ತಿದ್ದಳು. ಗೌಹರ ಒಂದೊಂದೇ ಶಬ್ದ ಹೆಕ್ಕಿ ಜೋಡಿಸಿದಳು.

"ನಮ್ಮ ಶಾದಿ... ನೆನಪು ಅದ ಏನ್ರಿ?"

ಮೊಹಿನುದ್ದೀನ್ ಅವಳನ್ನೇ ದಿಟ್ಟಿಸಿದ. ಕಿಟಕಿಯಾಚೆ ಎಡಗೈ ತೋರಿಸಿದ.

"ಅವತ್ತೂ ಮೋಟಾರ್ ಇಲ್ಲೇ ನಿಂತಿತ್ತು. ನೀ ಭಾಳ ಅಳಾಕತ್ತಿದ್ದಿ. ತಿರುಗಿ ಕಳಸ್ಲೇನು ಅಂತ ಕೇಳಬೇಕಂದೆ. ಹ್ಞೂಂ ಅಂದುಬಿಟ್ರ ಹ್ಯಾಂಗ ಅಂತ ಅಂಜಿ ಸುಮ್ಮನಾದೆ."

ಗೌಹರಳಿಗೆ ಮೋಟಾರ್ ತಿಳಿಯಿತು, ಅಳು ತಿಳಿಯಿತು. ಮುಂದಿನದು ಕೈಗೆ ಸಿಗಲಿಲ್ಲ. ಅವನ ದನಿ ನಡುಗಿದ್ದು ಮಾತ್ರ ಕೇಳಿಸಿತ್ತು. ಇಷ್ಟು ವರ್ಷ ಉರ್ದುವಿನಲ್ಲಿ ಅವನು ಆ ದಿನದ ಅಳುವಿನ ಮಾತು ಎತ್ತಿದವನೇ ಅಲ್ಲ.

ಭಾಗಮ್ಮ ಎಚ್ಚೆತ್ತು ತಿರುಗಿದಳು. ಅವಳ ಕಣ್ಣು ತೇವವಾಗಿತ್ತು. "ಏನಂದ ಗೊತ್ತಾತೇನವ್ವಾ? ನಾ ಹೇಳ್ಲೇನು?"

"ಬ್ಯಾಡ್ರಿ," ಎಂದಳು ಗೌಹರ.

ಸೆರಗಿನಿಂದ ಗಂಡನ ಬಾಯಂಚು ಒರೆಸಿ, ಸಂತೆಯಲ್ಲಿ ಬೆಲೆ ತಿಳಿಯದಾಗ ಆಡುತ್ತಿದ್ದ ಮಾತನ್ನೇ ಆಡಿದಳು: "ಇನ್ನೊಮ್ಮೆ ಹೇಳ್ರಿ."

ಮೊಹಿನುದ್ದೀನ್ ಮತ್ತೆ ಹೇಳತೊಡಗಿದ, ಈ ಸಲ ನಿಧಾನವಾಗಿ, ಬಿಡಿಬಿಡಿಯಾಗಿ. ಅವನ ತುಟಿಯನ್ನೇ ನೋಡುತ್ತ ಅವಳೂ ತುಟಿ ಆಡಿಸಿದಳು.