ಇಪ್ಪತ್ಮೂರನೇ ಕ್ಯಾಸೆಟ್

ವನಗೂರಿನ ಎಸ್ಟೇಟ್ ಬಂಗಲೆಯಲ್ಲಿ ಸಾಹುಕಾರರ ಮಗಳು ಮಧುಶ್ರೀ ಮನೆಯ ಹಳೇ ವಿಡಿಯೋ ಕ್ಯಾಸೆಟ್‌ಗಳ ಪಟ್ಟಿ ಮಾಡುತ್ತಿದ್ದಳು. ಯಾವುದರಲ್ಲಿ ಯಾರಿದ್ದಾರೆಂದು ಹೇಳಲು ಮುದಿ ರೈಟರ್ ವೀರಯ್ಯನೇ ಬೇಕು. ಮೂವತ್ತು ವರ್ಷ ಆಳುಗಳ ಹಾಜರಿ ಹಾಕಿದವನಿಗೆ ಮುಖ ಮರೆಯುವುದುಂಟೇ?

ಇಪ್ಪತ್ಮೂರನೆಯದು ಅವಳ ನಾಮಕರಣದ್ದು. ಚಪ್ಪರದ ಹಿಂದೆ ಒಬ್ಬ ಮರವೇರಿ ಕೊಂಬೆ ಕಡಿಯುತ್ತಿದ್ದ.

"ಮರದ ಮೇಲಿರೋನು ಯಾರು ರೈಟ್ರೇ?"

ವೀರಯ್ಯ ನೋಡಿದೊಡನೆ ಗುರುತಿಸಿದ. ಆ ಸಂಜೆಯೇ ಆಳು ಕೆಂಚ ಆ ಮರದಿಂದ ಬಿದ್ದು ಸತ್ತಿದ್ದ. ಎಸ್ಟೇಟಿನ ತಲೆಗೆ ಬರಬಾರದೆಂದು ಅವನ ಹೆಸರಿನ ಮುಂದೆ 'ಗೈರು' ಎಂದು ಬರೆದದ್ದು ಇದೇ ಕೈ.

"ಕೆಂಚ ಅಲ್ಲ ಕಣವ್ವ. ಅವ ಆವತ್ತು ಕೆಲ್ಸಕ್ಕೇ ಬಂದಿರ್ಲಿಲ್ಲ."

ಮಧುಶ್ರೀ ಪೆನ್ನು ನಿಲ್ಲಿಸಿದಳು. "ಕೆಂಚ ಅಂತ ನಾನೆಲ್ಲಂದೆ?"

ಟೀವಿಯಲ್ಲಿ ಕ್ಯಾಮೆರಾ ಮರದ ಬುಡಕ್ಕಿಳಿದಿತ್ತು. ಅಲ್ಲಿ ಹಾಜರಿ ಪುಸ್ತಕ ಕಂಕುಳಲ್ಲಿಟ್ಟುಕೊಂಡು, ಮೇಲೆ ನೋಡುತ್ತ, ವೀರಯ್ಯ ನಿಂತಿದ್ದ.